ಬೆಳೆ ಹಾನಿ ಪರಿಹಾರಕ್ಕೆ ತೆರಿಗೆ ಇದೆಯಾ? ರೈತರು ಪದೇ ಪದೇ ಕೇಳುವ ಪ್ರಶ್ನೆಗಳು

ರಿಟರ್ನ್ ಹಾಕುವ ಕಾಲ ಬಂತೆಂದರೆ ಪಾಸ್‌ಬುಕ್ ಹಿಡಿದು ಬರುವವರು ಜಾಸ್ತಿ. ಬೆರಳಿಟ್ಟು ತೋರಿಸುವುದು ಒಂದೇ ಸಾಲು: ತಾರೀಕು, ಪಕ್ಕದಲ್ಲಿ ಡಿಬಿಟಿ (ನೇರ ನಗದು ವರ್ಗಾವಣೆ) ಅಂತ ಮೂರಕ್ಷರ, ಆಮೇಲೆ ಮೊತ್ತ. ಯಾರು ಹಾಕಿದರು, ಯಾವುದಕ್ಕೆ ಹಾಕಿದರು ಎಂಬುದು ಅಲ್ಲಿ ಇರುವುದಿಲ್ಲ. ತೆರಿಗೆಯ ಲೆಕ್ಕಕ್ಕೆ ಬೇಕಾದದ್ದು ಅದೇ. ಎದುರಿಗೆ ಕೂತವರು, ಫೋನು ಮಾಡಿದವರು, ಕಾಗದ ಬರೆದವರು ಕೇಳಿದ್ದನ್ನು ಅವರದೇ ಮಾತಿನಲ್ಲಿ ಇಲ್ಲಿ ಕೊಟ್ಟಿದ್ದೇನೆ. ಲೆಕ್ಕಗಳೆಲ್ಲ 2025-26ರ ಹಣಕಾಸು ವರ್ಷದವು.

## ಮೊದಲಿಗೆ ಕೇಳುವವು

ಮಳೆಗೆ ಬೆಳೆ ಹೋಯ್ತು, ಸರ್ಕಾರ ದುಡ್ಡು ಹಾಕಿದೆ. ಇದಕ್ಕೂ ಟ್ಯಾಕ್ಸ್ ಕಟ್ಬೇಕಾ?

ಬೇಡ. ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 10(10ಬಿಸಿ) ಇದನ್ನು ನೇರವಾಗಿಯೇ ಹೇಳುತ್ತದೆ. ವಿಪತ್ತಿನಿಂದ ಆದ ಹಾನಿಗೆ ಕೇಂದ್ರ ಸರ್ಕಾರ, ರಾಜ್ಯ ಸರ್ಕಾರ ಅಥವಾ ಸ್ಥಳೀಯ ಸಂಸ್ಥೆ ಒಬ್ಬ ವ್ಯಕ್ತಿಗೋ ಅವನ ವಾರಸುದಾರರಿಗೋ ಕೊಟ್ಟ ಪರಿಹಾರಕ್ಕೆ ತೆರಿಗೆ ಇಲ್ಲ. ಪ್ರವಾಹ, ಬರ, ಆಲಿಕಲ್ಲು ಮಳೆಗೆ ತಹಶೀಲ್ದಾರ್ ಕಚೇರಿ ಮೂಲಕ ಬರುವ ಹಣ ಈ ಲೆಕ್ಕಕ್ಕೆ ಸೇರುತ್ತದೆ.

ವಿಪತ್ತು ಪರಿಹಾರ ನಿಧಿಯ ದರ ಹೆಕ್ಟೇರಿಗೆ ಮಳೆಯಾಶ್ರಿತ ಬೆಳೆಗೆ ₹8,500, ನೀರಾವರಿಗೆ ₹17,000, ತೋಟದಂಥ ಬಹುವಾರ್ಷಿಕ ಬೆಳೆಗೆ ₹22,500. ಹಾನಿ ಶೇ. 33 ಅಥವಾ ಹೆಚ್ಚು ಇರಬೇಕು, ಸಿಗುವುದು 2 ಹೆಕ್ಟೇರಿನವರೆಗೆ ಮಾತ್ರ. 2025ರ ಮುಂಗಾರಿನಲ್ಲಿ ಕಲ್ಯಾಣ ಕರ್ನಾಟಕದ ತೊಗರಿ, ಹತ್ತಿ ನೀರಿನಲ್ಲಿ ನಿಂತಾಗ ರಾಜ್ಯ ಸರ್ಕಾರ ಇದರ ಮೇಲೆ ಹೆಕ್ಟೇರಿಗೆ ಇನ್ನೂ ₹8,500 ಸೇರಿಸುವುದಾಗಿ ಹೇಳಿತು. ಆ ಹೆಚ್ಚುವರಿಗೂ ತೆರಿಗೆ ಇಲ್ಲ.

ನಾನು ಬರೀ ರೈತ, ಬೇರೆ ಯಾವ ಆದಾಯನೂ ಇಲ್ಲ. ರಿಟರ್ನ್ ಹಾಕ್ಲೇಬೇಕಾ?

ಸಾಮಾನ್ಯವಾಗಿ ಬೇಡ. ಕೃಷಿ ಆದಾಯ ಎಷ್ಟಿದ್ದರೂ ಅದು ತೆರಿಗೆಗೆ ಸಿಗುವ ಆದಾಯದಲ್ಲಿ ಸೇರುವುದಿಲ್ಲ. ಬಾಡಿಗೆ, ಬಡ್ಡಿ, ಅಂಗಡಿ ಇತ್ಯಾದಿ ಸೇರಿ ಮೂಲ ಮಿತಿ ದಾಟಿದರೆ ಮಾತ್ರ ರಿಟರ್ನ್ ಕಡ್ಡಾಯ. ಈ ಮಿತಿ, ಅಂದರೆ ತೆರಿಗೆ ಶುರುವಾಗುವ ಮೊತ್ತ, ಹೊಸ ತೆರಿಗೆ ಪದ್ಧತಿಯಲ್ಲಿ ₹4 ಲಕ್ಷ.

ಕೆಲವು ಬೇರೆ ಕಾರಣಗಳೂ ಇವೆ. ವರ್ಷದಲ್ಲಿ ಉಳಿತಾಯ ಖಾತೆಗಳಿಗೆ ₹50 ಲಕ್ಷ ಅಥವಾ ಹೆಚ್ಚು ಜಮೆಯಾಗಿದ್ದರೆ, ಕರೆಂಟ್ ಬಿಲ್ಲು ₹1 ಲಕ್ಷ ದಾಟಿದ್ದರೆ, ವಿದೇಶ ಪ್ರಯಾಣಕ್ಕೆ ₹2 ಲಕ್ಷಕ್ಕಿಂತ ಜಾಸ್ತಿ ಖರ್ಚಾಗಿದ್ದರೆ ಆದಾಯ ಇಲ್ಲದಿದ್ದರೂ ಹಾಕಬೇಕು. ಒಳ್ಳೆ ರೇಟು ಸಿಕ್ಕ ವರ್ಷ ಅಡಿಕೆ ಬೆಳೆಗಾರರು ಮೊದಲನೆಯದನ್ನು ಗೊತ್ತಿಲ್ಲದೇ ದಾಟಿಬಿಡುತ್ತಾರೆ.

ಪರಿಹಾರ ಅಂದ್ರೆ ಎಲ್ಲಾ ಒಂದೇ ಅಲ್ವಾ? ಯಾರು ಕೊಟ್ರೆ ಏನು?

ಇಲ್ಲೇ ಎಲ್ಲರೂ ಎಡವುವುದು. ಊರಲ್ಲಿ ನಾವು ಎಲ್ಲದಕ್ಕೂ ‘ಪರಿಹಾರ ಬಂತು’ ಅಂತೀವಿ. ಕಾನೂನಿಗೆ ಕೊಟ್ಟವರು ಯಾರು ಎಂಬುದು ಮುಖ್ಯ.

ಸರ್ಕಾರದ ಖಜಾನೆಯಿಂದ ಬಂದ ವಿಪತ್ತು ಪರಿಹಾರ 10(10ಬಿಸಿ) ಅಡಿ ಬರುತ್ತದೆ. ಫಸಲ್ ಬಿಮಾ, ಅಂದರೆ ಬೆಳೆ ವಿಮೆಯ ಹಣ ಹಾಗಲ್ಲ. ಪ್ರೀಮಿಯಮ್ಮಿನ ದೊಡ್ಡ ಪಾಲನ್ನು ಸರ್ಕಾರಗಳೇ ಕಟ್ಟುತ್ತವೆ ನಿಜ. ರೈತ ಕಟ್ಟುವುದು ಮುಂಗಾರಿಗೆ ಶೇ. 2, ಹಿಂಗಾರಿಗೆ ಶೇ. 1.5, ವಾಣಿಜ್ಯ ಮತ್ತು ತೋಟದ ಬೆಳೆಗೆ ಶೇ. 5ರವರೆಗೆ. ಆದರೆ ಕ್ಲೇಮು ಕೊಡುವುದು ವಿಮೆ ಕಂಪನಿ, ಸರ್ಕಾರವಲ್ಲ. ಹಾಗಾಗಿ 10(10ಬಿಸಿ) ಇದಕ್ಕೆ ಒದಗುವುದಿಲ್ಲ. ಮಾರಬೇಕಿದ್ದ ಬೆಳೆಯ ಬದಲಿಗೆ ಬಂದ ಹಣ ಎಂದು ಇದನ್ನು ಕೃಷಿ ಆದಾಯವಾಗಿ ನೋಡುತ್ತಾರೆ. ಚಹಾ ತೋಟದ ಹಸಿರೆಲೆಗೆ ಆಲಿಕಲ್ಲು ಬಿದ್ದ ಹಾನಿಗೆ ವಿಮೆ ಕಂಪನಿ ಕೊಟ್ಟ ಹಣ ಕೃಷಿ ಆದಾಯ ಎಂದು ಕಲ್ಕತ್ತಾ ಹೈಕೋರ್ಟ್ ಬಹಳ ಹಿಂದೆಯೇ ಹೇಳಿದೆ.

ಮಲೆನಾಡಿನ ಅಡಿಕೆ, ಕಾಳುಮೆಣಸಿಗೆ ಇರುವ ಹವಾಮಾನ ಆಧಾರಿತ ವಿಮೆ ಇನ್ನೂ ವಿಚಿತ್ರ. ಅಲ್ಲಿ ತೋಟಕ್ಕೆ ಬಂದು ಕೊಳೆ ರೋಗ ನೋಡುವವರಿಲ್ಲ. ಮಳೆ ಮಾಪಕದ ಅಂಕಿ ಮಿತಿ ದಾಟಿದರೆ ದುಡ್ಡು, ಇಲ್ಲದಿದ್ದರೆ ಇಲ್ಲ. ನಿಮ್ಮ ತೋಟ ಚೆನ್ನಾಗಿದ್ದರೂ ಬರಬಹುದು, ಪೂರ್ತಿ ಹಾಳಾದರೂ ಬರದೇ ಇರಬಹುದು. ಅದನ್ನು ವಿಪತ್ತು ಪರಿಹಾರ ಅಂತ ಬರೆದರೆ ತಪ್ಪು.

ಎರಡಕ್ಕೂ ತೆರಿಗೆ ಇಲ್ಲ, ಮತ್ತೆ ವ್ಯತ್ಯಾಸ ಯಾಕೆ? ಸಂಬಳ, ವ್ಯಾಪಾರ ಇರುವವರಿಗೆ ವ್ಯತ್ಯಾಸ ರೂಪಾಯಿ ಲೆಕ್ಕದಲ್ಲೇ ಗೊತ್ತಾಗುತ್ತದೆ. ಅದು ಮುಂದಿನ ಭಾಗದಲ್ಲಿದೆ.

ದುಡ್ಡು ಬಂದಿದೆ ಅಂತಾರೆ, ನನ್ನ ಸೊಸೈಟಿ ಖಾತೇಲಿ ಇಲ್ಲ. ಲೆಕ್ಕ ಎಲ್ಲಿಂದ ತೆಗೀಲಿ?

ಪರಿಹಾರದ ಹಣ ನೀವು ಹೇಳಿದ ಖಾತೆಗೆ ಬರುವುದಿಲ್ಲ. ಆಧಾರ್ ಯಾವ ಖಾತೆಗೆ ಜೋಡಣೆಯಾಗಿದೆಯೋ ಅಲ್ಲಿಗೆ ಹೋಗುತ್ತದೆ. ಗ್ಯಾಸ್ ಸಬ್ಸಿಡಿಗೆಂದು ಎಂದೋ ತೆರೆದು ಮರೆತ ಖಾತೆಯಲ್ಲಿ ಸಿಕ್ಕ ಉದಾಹರಣೆಗಳು ಬೇಕಾದಷ್ಟಿವೆ. ಮೊದಲು ಬ್ಯಾಂಕಿನಲ್ಲಿ ಆಧಾರ್ ಜೋಡಣೆ ಎಲ್ಲಿದೆ ಎಂದು ಕೇಳಿ. ಸರ್ಕಾರದ ಹಣಕ್ಕೆ ‘ಪರಿಹಾರ’ ತಂತ್ರಾಂಶದಲ್ಲಿ, ವಿಮೆಗೆ ‘ಸಂರಕ್ಷಣೆ’ ಪೋರ್ಟಲ್‌ನಲ್ಲಿ ನೋಡಿ, ಸ್ಥಿತಿಯ ಪುಟವನ್ನು ಪ್ರಿಂಟ್ ತೆಗೆದಿಡಿ. ಯಾವ ಹಣ ಯಾವುದು ಎಂದು ಬಿಡಿಸುವುದು ಈ ಎರಡು ಹಾಳೆಗಳೇ, ಪಾಸ್‌ಬುಕ್ ಅಲ್ಲ.

ರಿಟರ್ನ್ ಹಾಕಿದ್ರೆ ಪಿಎಂ ಕಿಸಾನ್ ನಿಂತುಹೋಗುತ್ತಂತೆ, ಹೌದಾ?

ನಿಯಮದಲ್ಲಿ ಇರುವುದು ಹಿಂದಿನ ಅಸೆಸ್‌ಮೆಂಟ್ ವರ್ಷದಲ್ಲಿ (ಆದಾಯ ಬಂದ ಹಣಕಾಸು ವರ್ಷದ ಮುಂದಿನ ವರ್ಷ) ಆದಾಯ ತೆರಿಗೆ ಕಟ್ಟಿದವರಿಗೆ ಇಲ್ಲ ಅಂತ. ಗಂಡ, ಹೆಂಡತಿಯಲ್ಲಿ ಒಬ್ಬರು ಕಟ್ಟಿದ್ದರೂ ಕುಟುಂಬಕ್ಕೆ ಸಿಗುವುದಿಲ್ಲ. ತೆರಿಗೆ ಸೊನ್ನೆ ಇರುವ ರಿಟರ್ನ್ ಹಾಕುವುದು ಬೇರೆ, ತೆರಿಗೆ ಕಟ್ಟುವುದು ಬೇರೆ. ಸಾಲಕ್ಕೋ ವೀಸಾಕ್ಕೋ ಬೇಕೆಂದು ಸೊನ್ನೆ ರಿಟರ್ನ್ ಹಾಕಿದರೆ ಹೆದರಬೇಕಾಗಿಲ್ಲ.

## ಸಂಬಳವೂ ಇದೆ, ಜಮೀನೂ ಇದೆ

ನಾನು ಹೈಸ್ಕೂಲ್ ಮೇಷ್ಟ್ರು. ಯಾವ ಫಾರಂ ಹಾಕ್ಲಿ? ಎಲ್ಲಿ ತೋರಿಸ್ಲಿ?

ಕೃಷಿ ಆದಾಯ ₹5,000 ಒಳಗಿದ್ದರೆ ಐಟಿಆರ್-1 ಸಾಕು. ದಾಟಿದರೆ ಐಟಿಆರ್-2, ವ್ಯಾಪಾರವೂ ಇದ್ದರೆ ಐಟಿಆರ್-3. ವಿಮೆ ಹಣ ಸಾಮಾನ್ಯವಾಗಿ ಐದು ಸಾವಿರಕ್ಕೆ ನಿಲ್ಲುವುದಿಲ್ಲ. ಹಾಗಾಗಿ ಮೇಷ್ಟ್ರುಗಳಿಗೆ ಬಹುಪಾಲು ಐಟಿಆರ್-2 ಆಗುತ್ತದೆ.

ವಿಪತ್ತು ಪರಿಹಾರ ಮಾತ್ರ ಬಂದಿದ್ದು ಕೃಷಿ ಆದಾಯ ಇಲ್ಲದಿದ್ದರೆ ಐಟಿಆರ್-1ರಲ್ಲೇ ವಿನಾಯಿತಿ ಆದಾಯದ ಪಟ್ಟಿಯಿಂದ 10(10ಬಿಸಿ) ಆಯ್ದು ಮೊತ್ತ ಹಾಕಬಹುದು.

ಐಟಿಆರ್-2ರಲ್ಲಿ ಷೆಡ್ಯೂಲ್ ಇಐ ಎಂಬ ಪುಟ ಇದೆ. ಅಲ್ಲಿ ಒಟ್ಟು ಕೃಷಿ ಆದಾಯ, ಖರ್ಚು, ಹಿಂದಿನ 8 ವರ್ಷದ ಉಳಿದ ನಷ್ಟ ಹಾಕಿದರೆ ನಿವ್ವಳ ಬರುತ್ತದೆ. ನಿವ್ವಳ ₹5 ಲಕ್ಷ ದಾಟಿದರೆ ಜಮೀನಿನ ಜಿಲ್ಲೆ, ಪಿನ್‌ಕೋಡ್, ಎಷ್ಟು ಎಕರೆ, ಸ್ವಂತವೋ ಗುತ್ತಿಗೆಯೋ, ನೀರಾವರಿಯೋ ಮಳೆಯಾಶ್ರಿತವೋ ಎಲ್ಲ ಕೇಳುತ್ತದೆ. ಪಹಣಿಯಲ್ಲಿ ಎಕರೆ, ಗುಂಟೆ ಇರುತ್ತದೆ. 20 ಗುಂಟೆ ಅಂದರೆ 0.50 ಎಕರೆ ಅಂತ ಬದಲಿಸಿ ಬರೆಯಿರಿ. 2 ಎಕರೆ 20 ಗುಂಟೆಯನ್ನು 2.20 ಅಂತ ಹಾಕಿ ಕಳಿಸುವವರು ತುಂಬ ಜನ.

ತೆರಿಗೆ ಇಲ್ಲ ಅಂದ್ರಿ. ಮತ್ತೆ ನಮ್ಮ ಸಿಎ ಇಪ್ಪತ್ತು ಸಾವಿರ ಜಾಸ್ತಿ ಕಟ್ಟಿ ಅಂತಾರಲ್ಲ?

ಅವರು ಹೇಳುವುದು ಸರಿ. ಕೃಷಿ ಆದಾಯದ ಮೇಲೆ ತೆರಿಗೆ ಹಾಕುವ ಅಧಿಕಾರ ಸಂವಿಧಾನದಲ್ಲಿ ರಾಜ್ಯಗಳಿಗೆ ಇದೆ, ಕೇಂದ್ರಕ್ಕಿಲ್ಲ. ಆದರೆ ನಿಮ್ಮ ಬೇರೆ ಆದಾಯಕ್ಕೆ ಯಾವ ದರ ಹಾಕಬೇಕು ಎಂದು ನಿರ್ಧರಿಸಲು ಕೇಂದ್ರ ಕೃಷಿ ಆದಾಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಬೇರೆ ಆದಾಯ ಮೂಲ ಮಿತಿ ದಾಟಿರಬೇಕು, ನಿವ್ವಳ ಕೃಷಿ ಆದಾಯ ₹5,000 ದಾಟಿರಬೇಕು. ಎರಡೂ ಇದ್ದರೆ ಮಾತ್ರ ಇದು.

ಶಿರಸಿ ಕಡೆ ತೋಟ, ಬೆಂಗಳೂರಲ್ಲಿ ಕೆಲಸ ಅಂತ ಇಟ್ಟುಕೊಳ್ಳಿ. ಕಡಿತಗಳೆಲ್ಲ ಆದಮೇಲೆ ಸಂಬಳ ₹14 ಲಕ್ಷ. ವಿಮೆ ಹಣವೂ ಸೇರಿ ನಿವ್ವಳ ಕೃಷಿ ಆದಾಯ ₹2 ಲಕ್ಷ. ಹೊಸ ಪದ್ಧತಿ. ಮೊದಲು ಎರಡನ್ನೂ ಕೂಡಿಸಿ ₹16 ಲಕ್ಷಕ್ಕೆ ತೆರಿಗೆ ಹಾಕಿ: ₹1,20,000. ಆಮೇಲೆ ಕೃಷಿ ಆದಾಯಕ್ಕೆ ಮೂಲ ಮಿತಿ ₹4 ಲಕ್ಷ ಕೂಡಿಸಿ, ಆ ₹6 ಲಕ್ಷಕ್ಕೆ ತೆರಿಗೆ ಹಾಕಿ: ₹10,000. ಮೊದಲಿನದರಲ್ಲಿ ಎರಡನೆಯದನ್ನು ಕಳೆದರೆ ₹1,10,000. ಕೃಷಿ ಆದಾಯ ಇಲ್ಲದಿದ್ದರೆ ಇದೇ ಸಂಬಳಕ್ಕೆ ₹90,000 ಆಗುತ್ತಿತ್ತು. ವ್ಯತ್ಯಾಸ ₹20,000, ಅದರ ಮೇಲೆ ಶೇ. 4 ಸೆಸ್ ₹800.

ಈಗ ಆ ₹2 ಲಕ್ಷದಲ್ಲಿ ₹45,000 ಸರ್ಕಾರದ ವಿಪತ್ತು ಪರಿಹಾರ ಎಂದುಕೊಳ್ಳಿ. ಅದನ್ನು 10(10ಬಿಸಿ) ಅಡಿ ತೋರಿಸಿದರೆ ಈ ಕೂಡಿಸುವ ಲೆಕ್ಕಕ್ಕೆ ಬರುವುದೇ ಇಲ್ಲ. ಕೃಷಿ ಆದಾಯದ ಸಾಲಿಗೆ ಸೇರಿಸಿದರೆ ಸುಮ್ನೆ ಕೈಯಿಂದ ಕಟ್ಟಬೇಕು. ಯಾರು ಕೊಟ್ಟರು ಎಂದು ನಾನು ಅಷ್ಟು ಕೆದಕುವುದು ಇದಕ್ಕೇ.

12 ಲಕ್ಷದವರೆಗೆ ಟ್ಯಾಕ್ಸೇ ಇಲ್ಲ ಅಲ್ವಾ? ನನ್ನದು ಸರಿಯಾಗಿ 12 ಲಕ್ಷ. ಆದ್ರೂ ಪೋರ್ಟಲ್ ಕಟ್ಟು ಅಂತಿದೆ.

₹12 ಲಕ್ಷದವರೆಗೆ ತೆರಿಗೆ ಇಲ್ಲದಿರುವುದು 87ಎ ರಿಯಾಯಿತಿಯಿಂದ. ಆ ರಿಯಾಯಿತಿಗೆ ₹60,000 ಎಂಬ ಮೇಲ್ಮಿತಿ ಇದೆ. ಬರೀ ₹12 ಲಕ್ಷಕ್ಕೆ ತೆರಿಗೆ ಸರಿಯಾಗಿ ₹60,000 ಆಗುವುದರಿಂದ ಪೂರ್ತಿ ಹೋಗುತ್ತದೆ. ಜೊತೆಗೆ ₹2 ಲಕ್ಷ ಕೃಷಿ ಆದಾಯ ಇದ್ದರೆ ಮೇಲಿನ ರೀತಿಯಲ್ಲೇ ತೆರಿಗೆ ₹80,000 ಆಗುತ್ತದೆ. ರಿಯಾಯಿತಿ ಕಳೆದು ₹20,000 ಉಳಿಯುತ್ತದೆ, ಸೆಸ್ ಬೇರೆ. ಪೋರ್ಟಲ್ ತಪ್ಪು ಹೇಳುತ್ತಿಲ್ಲ.

ವಿಮೆ ಹಣ ಪೂರ್ತಿ ಆದಾಯಾನಾ? ಬೀಜ, ಗೊಬ್ಬರಕ್ಕೆ ಹಾಕಿದ್ದು ಅದಕ್ಕಿಂತ ಜಾಸ್ತಿ.

ವಿಮೆ ಹಣ ಒಟ್ಟು ಆದಾಯದ ಸಾಲಿಗೆ ಹೋಗುತ್ತದೆ. ಅದರಿಂದ ಬೀಜ, ಗೊಬ್ಬರ, ಉಳುಮೆ, ಆಳಿನ ಕೂಲಿ, ಔಷಧಿ ಸಿಂಪಡಣೆ, ವಿಮೆಯ ಪ್ರೀಮಿಯಂ ಎಲ್ಲ ಕಳೆಯಿರಿ. ಬೆಳೆ ಹೋದ ವರ್ಷ ಬಹಳ ಸಲ ನಷ್ಟವೇ ಬರುತ್ತದೆ. ಆಗ ಸೊನ್ನೆ ಬರೆದು ಬಿಡಬೇಡಿ, ನಷ್ಟ ತೋರಿಸಿ. ಅದನ್ನು ಮುಂದಿನ 8 ವರ್ಷದ ಕೃಷಿ ಆದಾಯದಲ್ಲಿ ಕಳೆಯಬಹುದು. ಸಂಬಳದಲ್ಲಿ ಕಳೆಯಲು ಬರುವುದಿಲ್ಲ.

2023ರ ಬರಕ್ಕೆ 2024ರಲ್ಲಿ ದುಡ್ಡು ಬಂತು. ಯಾವ ವರ್ಷದ ಲೆಕ್ಕ?

ಬಂದ ವರ್ಷದ್ದು. ಹೆಚ್ಚಿನ ರೈತರು ನಗದು ಲೆಕ್ಕವನ್ನೇ ಇಡುತ್ತಾರೆ. ಆ ಬರಕ್ಕೆ ₹2,000ವರೆಗಿನ ಮೊದಲ ಕಂತು 2024ರ ಆರಂಭದಲ್ಲಿ ಬಂತು, ಅದು 2023-24ಕ್ಕೆ. ಮೇ ತಿಂಗಳಲ್ಲಿ ಬಂದ ಬಾಕಿ 2024-25ಕ್ಕೆ. ಬೆಳೆ ಒಂದೇ, ರಿಟರ್ನ್ ಎರಡು.

## ಸ್ವಲ್ಪ ಸಿಕ್ಕಿನವು

ಆನೆ ಬಂದು ಬಾಳೆ, ತೆಂಗು ಎಲ್ಲಾ ಮುರಿದು ಹಾಕ್ತು. ಅರಣ್ಯ ಇಲಾಖೆ ದುಡ್ಡು ಕೊಡ್ತು. ಇದೂ ವಿಪತ್ತೇ ಅಲ್ವಾ?

ನಿಮಗೆ ವಿಪತ್ತೇ. ಕಾನೂನಿಗೆ ಅಷ್ಟು ಸುಲಭ ಅಲ್ಲ. 10(10ಬಿಸಿ)ಯಲ್ಲಿ ವಿಪತ್ತು ಅಂದರೆ 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಅರ್ಥದಲ್ಲಿ. ಒಂದು ಪ್ರದೇಶದ ಜನರ ತಾಳಿಕೆಯನ್ನೇ ಮೀರುವಂಥ ದೊಡ್ಡ ಅನಾಹುತ ಆಗಿರಬೇಕು. ಒಂದು ರಾತ್ರಿ ಒಂದು ತೋಟಕ್ಕೆ ನುಗ್ಗಿದ ಆನೆ ಅದಕ್ಕೆ ಸೇರುತ್ತದೆ ಎಂದು ವಾದಿಸುವುದು ಕಷ್ಟ. ಕೇರಳ 2024ರ ಮಾರ್ಚ್‌ನಲ್ಲಿ ಮಾನವ-ವನ್ಯಜೀವಿ ಸಂಘರ್ಷವನ್ನು ರಾಜ್ಯದ ವಿಶೇಷ ವಿಪತ್ತು ಎಂದು ಘೋಷಿಸಿತು. ಅಲ್ಲಿ ಜಮೀನಿರುವವರ ವಾದ ಗಟ್ಟಿ.

ಹಾಗಂತ ತೆರಿಗೆ ಬೀಳುವುದಿಲ್ಲ. ಬಾಳೆ, ಭತ್ತ, ರಾಗಿ, ಕಬ್ಬಿಗೆ ಬಂದದ್ದನ್ನು ಕೃಷಿ ಆದಾಯ ಎಂದು ತೋರಿಸಿ. ತೆಂಗು, ಅಡಿಕೆ ಮರವೇ ಹೋಗಿದ್ದರೆ ಅದು ಫಸಲಲ್ಲ, ಫಸಲು ಕೊಡುವ ಮೂಲ. ಅದಕ್ಕೆ ಬಂದದ್ದು ಬಂಡವಾಳದ ಬದಲಿ ಹಣ, ಆದಾಯವಲ್ಲ. ಅರಣ್ಯ ಇಲಾಖೆಯ ಇ-ಪರಿಹಾರದಲ್ಲಿ ಹಾಕಿದ ಅರ್ಜಿ, ಮಹಜರಿನಲ್ಲಿ ಯಾವುದು ಎಷ್ಟು ಎಂದು ಬೇರೆ ಬೇರೆ ಬರೆಸಿಕೊಂಡಿದ್ದರೆ ಈ ಲೆಕ್ಕ ಹತ್ತು ನಿಮಿಷದ ಕೆಲಸ.

ಪಹಣಿ ಇನ್ನೂ ಅಪ್ಪನ ಹೆಸರಲ್ಲಿದೆ. ಉಳೋದು ನಾನು. ಯಾರು ತೋರಿಸ್ಬೇಕು?

ದುಡ್ಡು ನಿಜವಾಗಿ ಯಾರಿಗೆ ಸೇರಬೇಕೋ ಅವರು. ಅಪ್ಪ ತೀರಿಕೊಂಡು ವಾರಸುದಾರರಾದ ನಿಮಗೆ ಬಂದಿದ್ದರೆ 10(10ಬಿಸಿ) ನಿಮಗೂ ಅನ್ವಯ. ಅಣ್ಣತಮ್ಮಂದಿರು ಹಂಚಿಕೊಂಡಿದ್ದರೆ ಅವರವರ ಪಾಲು ಅವರವರು ತೋರಿಸಲಿ, ಹಂಚಿದ್ದಕ್ಕೆ ಬ್ಯಾಂಕಿನ ದಾಖಲೆ ಇರಲಿ. ಅವಿಭಕ್ತ ಕುಟುಂಬವೇ ಪ್ಯಾನ್ ಮಾಡಿಸಿ ರಿಟರ್ನ್ ಹಾಕುತ್ತಿದ್ದರೆ ಎಚ್ಚರ. 10(10ಬಿಸಿ)ಯಲ್ಲಿ ವ್ಯಕ್ತಿ, ವಾರಸುದಾರ ಎಂದಷ್ಟೇ ಇದೆ, ಅವಿಭಕ್ತ ಕುಟುಂಬದ ಮಾತಿಲ್ಲ.

ಗುತ್ತಿಗೆಗೆ ಮಾಡಿದವರಿಗೂ ಕೃಷಿ ಆದಾಯದ ವಿನಾಯಿತಿ ಇದೆ, ಜಮೀನು ಸ್ವಂತದ್ದೇ ಆಗಬೇಕಿಲ್ಲ. ಪರಿಹಾರ ಮಾತ್ರ ಪಹಣಿಯವರ ಖಾತೆಗೆ ಬೀಳುತ್ತದೆ. ಅದನ್ನು ಗುತ್ತಿಗೆದಾರನಿಗೆ ಕೊಡಬೇಕಾ ಎನ್ನುವುದು ತೆರಿಗೆಯ ಪ್ರಶ್ನೆಯಲ್ಲ, ಮನಸ್ಸಾಕ್ಷಿಯ ಪ್ರಶ್ನೆ.

ಬ್ಯಾಂಕಿನವರು ವಿಮೆ ದುಡ್ಡನ್ನ ಬೆಳೆ ಸಾಲಕ್ಕೆ ಹಿಡ್ಕೊಂಡ್ರು. ಕೈಗೆ ಬರದೇ ಇರೋದನ್ನೂ ತೋರಿಸ್ಬೇಕಾ?

ತೋರಿಸಬೇಕು. ನಿಮ್ಮ ಸಾಲ ಅಷ್ಟು ತೀರಿತಲ್ಲ. ಅಸಲು ತೀರಿದ್ದನ್ನು ಖರ್ಚು ಅಂತ ಕಳೆಯಲು ಬರುವುದಿಲ್ಲ, ಬೆಳೆ ಸಾಲದ ಬಡ್ಡಿ ಕಳೆಯಬಹುದು. ಬರ ಪರಿಹಾರವನ್ನು ಸಾಲಕ್ಕೆ ಜಮಾ ಮಾಡಿಕೊಳ್ಳಬೇಡಿ ಎಂದು ರಾಜ್ಯ ಸರ್ಕಾರ 2024ರಲ್ಲಿ ಬ್ಯಾಂಕುಗಳಿಗೆ ಹೇಳಿತ್ತು. ಹಾಗೆ ಹಿಡಿದಿದ್ದರೆ ಬರವಣಿಗೆಯಲ್ಲಿ ಕೇಳಿ.

ನಮ್ಮದು ಕಾಫಿ. ಎಲ್ಲಾ ಕೃಷಿ ಆದಾಯಾನಾ?

ಕಾಫಿ ಬೆಳೆದು, ಕ್ಯೂರಿಂಗ್ (ಸಿಪ್ಪೆ ತೆಗೆದು ಬೀಜ ಹಸನು ಮಾಡುವುದು) ಮಾಡಿಸಿ ಮಾರುವವರಿಗೆ ಲಾಭದ ಶೇ. 25 ವ್ಯಾಪಾರದ ಆದಾಯ, ಶೇ. 75 ಕೃಷಿ ಆದಾಯ. ಹುರಿದು ಪುಡಿ ಮಾಡಿ ಮಾರಿದರೆ 40 ಮತ್ತು 60. ಕ್ಯೂರಿಂಗ್ ಮಾಡಿಸದೆ ಮಾರುವವರಿಗೆ ಈ ಭಾಗಾಕಾರ ಇಲ್ಲ. ಗಿಡದಲ್ಲೇ ಉದುರಿದ ಕಾಯಿಗೆ ಬಂದ ಪರಿಹಾರ ಕ್ಯೂರಿಂಗ್ ಹಂತಕ್ಕೇ ಹೋಗಿಲ್ಲ, ಹಾಗಾಗಿ ಅದನ್ನು ಪೂರ್ತಿ ಕೃಷಿಯದೆಂದೇ ನಾನು ನೋಡುತ್ತೇನೆ. ಇನ್ನೊಂದು, ಅದೇ ವಿಪತ್ತಿನ ನಷ್ಟವನ್ನು ವ್ಯಾಪಾರದ ಲೆಕ್ಕದಲ್ಲಿ ಒಮ್ಮೆ ಕಳೆದಿದ್ದರೆ ಅಷ್ಟರ ಮಟ್ಟಿಗೆ 10(10ಬಿಸಿ) ಸಿಗುವುದಿಲ್ಲ.

ಜಮೀನಿನ ಮೇಲೆ ಹೈಟೆನ್ಷನ್ ಲೈನ್ ಎಳೆದ್ರು. ಬೆಳೆಗೆ, ಮರಕ್ಕೆ, ಬಡ್ಡಿ ಅಂತ ಒಟ್ಟಿಗೆ ಕೊಟ್ರು.

ಒಟ್ಟಿಗೆ ಕೊಟ್ಟಿದ್ದನ್ನು ಬಿಡಿಸಿ. ಆದೇಶದ ಪ್ರತಿಯಲ್ಲಿ ಮೊತ್ತ ಬೇರೆ ಬೇರೆ ಇರುತ್ತದೆ. ತುಳಿದು ಹೋದ ಬೆಳೆಯ ಹಣ ಕೃಷಿ ಆದಾಯ, ಮರದ ಹಣ ಬಂಡವಾಳ. ಬಡ್ಡಿಗೆ ಮಾತ್ರ ತೆರಿಗೆ ಇದೆ. ಪರಿಹಾರದ ಮೇಲಿನ ಬಡ್ಡಿ ಬಂದ ವರ್ಷವೇ ‘ಇತರೆ ಮೂಲಗಳ ಆದಾಯ’ವಾಗುತ್ತದೆ, ಅದರಲ್ಲಿ ಅರ್ಧ ಕಳೆಯಲು ಅವಕಾಶ ಇದೆ. ಕೋರ್ಟಿನಲ್ಲಿ ಹತ್ತಾರು ವರ್ಷ ಓಡಾಡಿದವರಿಗೆ ಬಡ್ಡಿಯೇ ಅಸಲಿಗಿಂತ ಜಾಸ್ತಿ ಇರುತ್ತದೆ, ಟಿಡಿಎಸ್ ಕೂಡ ಹಿಡಿದಿರುತ್ತಾರೆ. ನಿಮ್ಮ ಹೆಸರಲ್ಲಿ ಹಿಡಿದ ತೆರಿಗೆಯ ಪಟ್ಟಿಯಾದ 26ಎಎಸ್ ನೋಡದೆ ರಿಟರ್ನ್ ಹಾಕಬೇಡಿ.

ನಾನು ಅಮೆರಿಕದಲ್ಲಿದ್ದೀನಿ. ಊರಿನ ತೋಟದ ವಿಮೆ ದುಡ್ಡು ನನ್ನ ಖಾತೆಗೆ ಬಂದಿದೆ.

ಭಾರತದ ಜಮೀನಿನ ಕೃಷಿ ಆದಾಯಕ್ಕೆ ಭಾರತದಲ್ಲಿ ವಿನಾಯಿತಿ, ನೀವು ಎಲ್ಲಿದ್ದರೂ. ಅಮೆರಿಕದಲ್ಲಿ ಹಾಗಿಲ್ಲ. ಅಲ್ಲಿನ ತೆರಿಗೆ ನಿವಾಸಿ ಜಗತ್ತಿನ ಎಲ್ಲ ಆದಾಯವನ್ನೂ ತೋರಿಸಬೇಕು, ಕೃಷಿಗೆ ವಿನಾಯಿತಿ ಇಲ್ಲ. ಅಲ್ಲಿನ ರೈತರೇ ಬೆಳೆ ವಿಮೆಯನ್ನು ಕೃಷಿ ಲೆಕ್ಕದ ಪುಟವಾದ ಷೆಡ್ಯೂಲ್ ಎಫ್‌ನಲ್ಲಿ ಆದಾಯವಾಗಿ ತೋರಿಸುತ್ತಾರೆ. ಇಲ್ಲಿ ತೆರಿಗೆ ಕಟ್ಟಿಲ್ಲವಾದ್ದರಿಂದ ಅಲ್ಲಿನ ತೆರಿಗೆಯಲ್ಲಿ ಕಡಿತ ಮಾಡಿಸಿಕೊಳ್ಳಲೂ ಏನೂ ಇಲ್ಲ. ಅಮೆರಿಕದ ಹೊರಗಿರುವ ನಿಮ್ಮ ಖಾತೆಗಳೆಲ್ಲ ಸೇರಿ ವರ್ಷದಲ್ಲಿ ಯಾವಾಗಲಾದರೂ 10,000 ಡಾಲರ್ ದಾಟಿದ್ದರೆ ಎಫ್‌ಬಿಎಆರ್ ಎಂಬ ವಿದೇಶಿ ಖಾತೆಗಳ ವರದಿಯನ್ನೂ ಸಲ್ಲಿಸಬೇಕು.

ಹೊಸ ಕಾಯ್ದೆ ಬಂದಿದೆಯಂತೆ. ಎಲ್ಲಾ ಬದಲಾಯ್ತಾ?

2025ರ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿ. ಸೆಕ್ಷನ್ ನಂಬರುಗಳು ಬದಲಾಗಿವೆ, ‘ತೆರಿಗೆ ವರ್ಷ’ ಎಂಬ ಹೆಸರು ಬಂದಿದೆ. ಕೃಷಿ ಆದಾಯದ ವಿನಾಯಿತಿ ಉಳಿದಿದೆ. 2025-26ರ ಲೆಕ್ಕಕ್ಕೆ ಹಳೇ ಕಾಯ್ದೆಯೇ.

ಹೋದ ವರ್ಷ ಏನೂ ತೋರಿಸಿಲ್ಲ. ಈಗ ಏನ್ಮಾಡ್ಲಿ?

ಮೊದಲು ಲೆಕ್ಕ ಹಾಕಿ: ತೋರಿಸಿದ್ದರೆ ತೆರಿಗೆ ಜಾಸ್ತಿ ಆಗುತ್ತಿತ್ತಾ? ಬಿಟ್ಟದ್ದು 10(10ಬಿಸಿ) ಹಣ ಮಾತ್ರವಾದರೆ ತೆರಿಗೆ ಒಂದು ರೂಪಾಯಿಯೂ ಬದಲಾಗುವುದಿಲ್ಲ. ಮೇಲೆ ಹೇಳಿದ ‘ಪರಿಹಾರ’, ‘ಸಂರಕ್ಷಣೆ’ಯ ಎರಡು ಹಾಳೆಗಳನ್ನು ಜೋಪಾನ ಮಾಡಿ, ಸಾಕು. ಬಿಟ್ಟದ್ದು ವಿಮೆ ಹಣವಾಗಿ, ಸಂಬಳವೂ ಇದ್ದರೆ ತೆರಿಗೆ ಬಾಕಿ ಇರಬಹುದು. ತಿದ್ದುಪಡಿ ರಿಟರ್ನ್‌ಗೆ ಅವಧಿ ಇದ್ದರೆ ಅದನ್ನೇ ಹಾಕಿ. ಮುಗಿದಿದ್ದರೆ ಐಟಿಆರ್-ಯು ಎಂಬ ಪರಿಷ್ಕೃತ (ಅಪ್‌ಡೇಟೆಡ್) ರಿಟರ್ನ್ ಇದೆ. ಸಂಬಂಧಪಟ್ಟ ಅಸೆಸ್‌ಮೆಂಟ್ ವರ್ಷ ಮುಗಿದ ಮೇಲೆ 48 ತಿಂಗಳವರೆಗೆ ಹಾಕಬಹುದು. ಬಾಕಿ ತೆರಿಗೆ ಮತ್ತು ಬಡ್ಡಿಯ ಮೇಲೆ ಮೊದಲ ವರ್ಷದಲ್ಲಿ ಶೇ. 25, ಎರಡನೇ ವರ್ಷದಲ್ಲಿ 50, ಆಮೇಲೆ 60, ಕೊನೆಗೆ 70 ಹೆಚ್ಚುವರಿ ಕಟ್ಟಬೇಕು. ನಷ್ಟ ತೋರಿಸಲು ಅಥವಾ ರೀಫಂಡ್ ಕೇಳಲು ಮಾತ್ರ ಐಟಿಆರ್-ಯು ಒದಗುವುದಿಲ್ಲ.